ಹಿತಕಿದ ಅವರೆಬೇಳೆ ಸಾರಿನಲ್ಲಿ ಬೇಳೆ ಕರಗದೆ, ಸೊಗಡೂ ಉಳಿಯಬೇಕಾದರೆ ಏನು ಮಾಡಬೇಕು?

ಮೊದಲ ಮಾತು: ಕುಕ್ಕರ್ ಬೇಡ. ಸಿಪ್ಪೆ ತೆಗೆದ ಹಸಿಬೇಳೆ ಒಂದೇ ಸೀಟಿಗೆ ಹಿಟ್ಟಾಗಿಬಿಡುತ್ತದೆ. ತೆರೆದ ಪಾತ್ರೆಯಲ್ಲಿ ಬೇಯಿಸಿ. ಹದಿನೈದು ನಿಮಿಷ ಕುದಿಸಿ, ಬೆರಳಿಗೆ ಮೆತ್ತಗಾಯಿತೇ ಎಂದು ನೋಡಿ. ಹಸಿಹಸಿಯಾಗಿ ಮಾತ್ರ ಉಳಿಸಬೇಡಿ.

ಸೊಗಡು ಇರುವುದು ಕಾಯಿಯಲ್ಲೇ. ಡಿಸೆಂಬರ್, ಜನವರಿಯ ಇಬ್ಬನಿಯಲ್ಲಿ ಬೆಳೆದ ಅವರೆಕಾಯಿ ಮುಟ್ಟಿದರೆ ಕೈಗೆ ಜಿಡ್ಡು ಅಂಟಿ ಘಮಘಮಿಸಬೇಕು. ಅದಿಲ್ಲದ ಕಾಯಿಗೆ ಯಾವ ಮಸಾಲೆ ಹಾಕಿದರೂ ಆ ರುಚಿ ಬರುವುದಿಲ್ಲ. ಬಲಿತ, ಆದರೆ ಒಣಗದ ಕಾಳನ್ನು ಬಿಡಿಸಿ ರಾತ್ರಿ ನೀರಿನಲ್ಲಿ ನೆನೆಸಿಡಿ. ಬೆಳಿಗ್ಗೆ ಎರಡು ಬೆರಳಿನಿಂದ ಒತ್ತಿದರೆ ಬೇಳೆ ಚಿಮ್ಮಿ ಹೊರಬರುತ್ತದೆ. ಬೇಸರದ ಕೆಲಸವೇ, ಮನೆಯವರೆಲ್ಲ ಕೂತರೆ ಬೇಗ ಮುಗಿಯುತ್ತದೆ.

ಮಸಾಲೆಗೆ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಹುರಿದು, ತೆಂಗಿನತುರಿ, ಧನಿಯಾ, ಒಣಮೆಣಸಿನಕಾಯಿ, ಗಸಗಸೆ, ಕೊತ್ತಂಬರಿ ಸೊಪ್ಪಿನೊಂದಿಗೆ ರುಬ್ಬಿಕೊಳ್ಳಿ. ಚಕ್ಕೆ, ಲವಂಗ ಚೂರೇ ಸಾಕು. ಹೆಚ್ಚಾದರೆ ಅವರೆಯ ಪರಿಮಳವನ್ನೇ ನುಂಗಿಬಿಡುತ್ತವೆ. ಒಗ್ಗರಣೆಯಲ್ಲಿ ಟೊಮೆಟೊ ಬಾಡಿಸಿ, ಮಸಾಲೆಯ ಹಸಿವಾಸನೆ ಹೋದ ಮೇಲೆ ಬೇಳೆಯನ್ನು ಬೆಂದ ನೀರಿನ ಸಮೇತ ಸೇರಿಸಿ. ಆ ನೀರನ್ನು ಚೆಲ್ಲಲೇಬೇಡಿ. ರಾಗಿಮುದ್ದೆಗೆ ತುಸು ತೆಳ್ಳಗೆ, ಅಕ್ಕಿರೊಟ್ಟಿಗೆ ಗಟ್ಟಿಯಾಗಿ ಇಳಿಸಿ.