ರಾತ್ರಿಯೇ ವಾಪಸ್ ಬರಬೇಕಾ?

ಓದುಗರ ಪತ್ರ: ನಮ್ಮ ಕಂಪನಿಯ ಸರ್ವಿಸ್ ವಿಭಾಗ ನನ್ನ ಕೈಕೆಳಗಿದೆ. ಹುಡುಗರು ತಾವೇ ಕಾರು ಓಡಿಸಿಕೊಂಡು ಗ್ರಾಹಕರ ಊರಿಗೆ ಹೋಗಿ, ಮೆಷಿನ್ ರಿಪೇರಿ ಮಾಡಿ, ಅದೇ ದಿನ ವಾಪಸ್ ಬರುತ್ತಾರೆ. ಹೋಗಿ ಬರಲು 500 ಕಿ.ಮೀ. ಆಗುವುದೂ ಉಂಟು. ಕಳೆದ ತಿಂಗಳು ಒಬ್ಬರು ರಾತ್ರಿ ತೂಕಡಿಸಿ ಕಾರು ರಸ್ತೆ ಬಿಟ್ಟು ಇಳಿಯಿತು. ಪುಣ್ಯಕ್ಕೆ ಏಟಾಗಲಿಲ್ಲ. ‘ನಿದ್ದೆ ಬಂದರೆ ಗಾಡಿ ನಿಲ್ಲಿಸಿ’ ಎಂದು ಎಲ್ಲರಿಗೂ ಸುತ್ತೋಲೆ ಕಳಿಸಿದ್ದೇನೆ. ತೂಕಡಿಸಿದವರಿಂದ ವಿವರಣೆ ಬರೆಸಿಕೊಳ್ಳಿ ಅಂತ ಮೇಲಿನವರು ಹೇಳುತ್ತಿದ್ದಾರೆ. ಓಡಿಸುವವರ ಕಣ್ಣು ಮುಚ್ಚಿದರೆ ಕೂಗಿ ಎಚ್ಚರಿಸುವ ಕ್ಯಾಮೆರಾ ಕಾರಿನಲ್ಲಿ ಹಾಕಿಸಲಾ? ಇನ್ನೇನು ಮಾಡಲಿ?

ಸಂಪಾದಕರ ಉತ್ತರ: ಅವರಿಗೆ ಏನೂ ಆಗಲಿಲ್ಲ ಎಂದು ಓದಿ ಜೀವ ಬಂದ ಹಾಗಾಯಿತು. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಂದು ವಿಷಯ ಮಾತ್ರ ಅದರಲ್ಲಿ ಸಿಗಲಿಲ್ಲ. ಆ ದಿನ ಅವರು ಎಷ್ಟು ಗಂಟೆಗೆ ಎದ್ದಿದ್ದರು?

ಲೆಕ್ಕ ಹಾಕೋಣ. ಬೆಳಿಗ್ಗೆ 5ಕ್ಕೆ ಎದ್ದು 6ಕ್ಕೆ ಹೊರಟರು ಅಂತಿಟ್ಟುಕೊಳ್ಳಿ. ತಲುಪುವಾಗ ಹತ್ತೂವರೆ. ಸಂಜೆ 6ರವರೆಗೆ ಕೆಲಸ. ಮತ್ತೆ ಸ್ಟೇರಿಂಗ್ ಹಿಡಿದರೆ ಮನೆ ಸೇರುವುದು ರಾತ್ರಿ ಹತ್ತೂವರೆಗೆ. ಅಷ್ಟು ಹೊತ್ತಿಗೆ ಎದ್ದು ಹದಿನೇಳೂವರೆ ಗಂಟೆ ಆಗಿರುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ಇದನ್ನೇ ಅಳೆದು ನೋಡಿದ್ದರು. ರಕ್ತದಲ್ಲಿ ಶೇ 0.05ರಷ್ಟು ಆಲ್ಕೋಹಾಲ್ ಇರುವವರ ಕೈ-ಕಣ್ಣು ಎಷ್ಟು ಮಂದವಾಗುತ್ತದೋ, ಸತತ 17 ಗಂಟೆ ಎಚ್ಚರವಿದ್ದವರದೂ ಹೆಚ್ಚುಕಮ್ಮಿ ಅಷ್ಟೇ ಮಂದವಾಗಿತ್ತು. ಎಷ್ಟೋ ದೇಶಗಳಲ್ಲಿ ಕುಡಿದು ಗಾಡಿ ಓಡಿಸಿದ ಕೇಸು ಶುರುವಾಗುವುದೇ ಆ ಮಟ್ಟದಲ್ಲಿ. ನಿಮ್ಮ ಹುಡುಗರು ಒಂದು ತೊಟ್ಟೂ ಕುಡಿದಿಲ್ಲ. ಅವರನ್ನು ಆ ಸ್ಥಿತಿಗೆ ತಂದದ್ದು ಆಫೀಸಿನ ವೇಳಾಪಟ್ಟಿ.

ಹಾಗಾಗಿಯೇ ಸುತ್ತೋಲೆಯಿಂದ ಜಾಸ್ತಿ ಉಪಯೋಗ ಆಗಲ್ಲ ಅಂತ ನನ್ನ ಅನಿಸಿಕೆ. ಮನೆ ಇನ್ನು 60 ಕಿ.ಮೀ. ಇದೆ ಅನ್ನುವಾಗ ಯಾರು ತಾನೇ ನಿಲ್ಲಿಸುತ್ತಾರೆ? ನಾನೂ ನಿಲ್ಲಿಸಿರಲಿಲ್ಲ. ವರ್ಷಗಳ ಹಿಂದೆ, ಸಂಚಿಕೆ ಅಚ್ಚಿಗೆ ಕಳಿಸಿ ರಾತ್ರಿ 2 ಗಂಟೆಗೆ ಒಬ್ಬನೇ ಕಾರಲ್ಲಿ ಹೊರಟಿದ್ದೆ. ಚಕ್ರದಡಿ ಜಲ್ಲಿ ಕರಕರ ಅಂದಾಗಲೇ ಎಚ್ಚರವಾದದ್ದು. ತೊಡೆಯ ಮೇಲೆ ಟೋಲ್ ರಸೀದಿ ಬಿದ್ದಿತ್ತು. ಅದನ್ನು ಯಾವಾಗ ಕೈಗೆ ತಗೊಂಡೆ ಅಂತ ಇವತ್ತಿಗೂ ನೆನಪಿಲ್ಲ. ಕಣ್ಣು ಮುಚ್ಚಿದ್ದು ನಾಲ್ಕೇ ಸೆಕೆಂಡ್ ಇರಬಹುದು. ಆದರೆ ಗಂಟೆಗೆ 90 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡ್ ಅಂದರೆ 100 ಮೀಟರ್. ಅಷ್ಟು ದೂರವೂ ಬ್ರೇಕ್ ಮೇಲೆ ಕಾಲೇ ಇರುವುದಿಲ್ಲ.

ಕ್ಯಾಮೆರಾ ಬೇಡ ಅನ್ನುವುದಿಲ್ಲ. ಆದರೆ ಅದು ಕೂಗುವುದು ರೆಪ್ಪೆ ಮುಚ್ಚಿದ ಮೇಲೆ. ಅದರ ರೆಕಾರ್ಡಿಂಗ್ ಇಟ್ಟುಕೊಂಡು ಬೈಯಲು ಶುರು ಮಾಡಿದರೆ ಹುಡುಗರು ನಿಮ್ಮಿಂದ ಸುಸ್ತನ್ನು ಮುಚ್ಚಿಡುತ್ತಾರೆ, ಅಷ್ಟೇ.

ನೀವು ಮೊದಲು ಮಾಡಬೇಕಾದದ್ದು ಬೇರೆ. ಗಾಡಿ ಓಡಿಸುವುದನ್ನೂ ಕೆಲಸ ಅಂತಲೇ ಲೆಕ್ಕಕ್ಕೆ ತಗೊಳ್ಳಿ. ಮನೆ ಬಿಟ್ಟು ಮನೆ ಸೇರುವವರೆಗೆ 12 ಗಂಟೆ ಮೀರುತ್ತದೆ ಅಂದರೆ ರಾತ್ರಿ ಅಲ್ಲೇ ಉಳಿಯಲಿ. ರೂಮನ್ನು ಅವರು ಕೇಳುವ ಮೊದಲೇ ನೀವು ಬುಕ್ ಮಾಡಿ. ಇದು ಬಹಳ ಮುಖ್ಯ. ಕೇಳಿದರೆ ಸೋಮಾರಿ ಅಂದುಕೊಳ್ಳುತ್ತಾರೇನೋ ಅನ್ನುವ ಅಳುಕಿಗೇ ಎಷ್ಟೋ ಜನ ರಾತ್ರೋರಾತ್ರಿ ಹೊರಟುಬಿಡುತ್ತಾರೆ. ತಡವಾಗಿ ಬಂದವರಿಗೆ ಮರುದಿನ ಬೆಳಿಗ್ಗೆ 9ಕ್ಕೆ ಮೀಟಿಂಗ್ ಇಡಬೇಡಿ. ‘ಎಲ್ಲಿದೀಯಾ?’ ಅಂತ ದಾರಿಯಲ್ಲಿ ಫೋನ್ ಮಾಡಬೇಡಿ. ಯುರೋಪಿನಲ್ಲಿ ಲಾರಿ ಓಡಿಸುವವರು ನಾಲ್ಕೂವರೆ ಗಂಟೆಗೊಮ್ಮೆ 45 ನಿಮಿಷ ನಿಲ್ಲಿಸಲೇಬೇಕು ಅಂತ ಕಾನೂನಿದೆ. ಕೆಲಸಕ್ಕೆ ಕಾರಿನಲ್ಲಿ ಓಡಾಡುವವರನ್ನು ಅದು ಕೇಳುವುದಿಲ್ಲ. ನಿಮ್ಮ ನಿಯಮ ನೀವೇ ಮಾಡಿಕೊಳ್ಳಬೇಕು. ಎರಡು ಗಂಟೆಗೊಮ್ಮೆ 15 ನಿಮಿಷ ನಿಲ್ಲಿಸಲಿ. ರಾತ್ರಿ 2ರಿಂದ ಬೆಳಿಗ್ಗೆ 6ರವರೆಗೆ ಯಾರೂ ಗಾಡಿ ಓಡಿಸುವುದು ಬೇಡ. ಮೈ ನಿದ್ದೆಯನ್ನು ಬೇಡುವ ಹೊತ್ತು ಅದು. ಮಧ್ಯಾಹ್ನ 2ರಿಂದ 4ರ ನಡುವೆಯೂ ಒಂದು ಜೊಂಪು ಹತ್ತುತ್ತದೆ, ಅಲ್ವಾ?

ದಾರಿಯಲ್ಲಿ ಕಣ್ಣು ಎಳೆದರೆ ಕಿಟಕಿ ಇಳಿಸುವುದು, ಜೋರಾಗಿ ಹಾಡು ಹಾಕುವುದು ಕೆಲವೇ ನಿಮಿಷದ ಮಾತು. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಒಂದು ಕಾಫಿ ಕುಡಿದು, ಕೂಡಲೇ 20 ನಿಮಿಷ ಮಲಗಲಿ. ಕಾಫಿ ತಲೆಗೆ ಹತ್ತಲು ಅರ್ಧ ಗಂಟೆ ಬೇಕು. ಏಳುವ ಹೊತ್ತಿಗೆ ಎರಡೂ ಕೂಡಿ ಬರುತ್ತವೆ. ಇದು ಹತ್ತಿರದ ಊರು ಮುಟ್ಟುವುದಕ್ಕೆ ಮಾತ್ರ, ಮನೆವರೆಗೆ ಎಳೆಯುವುದಕ್ಕಲ್ಲ. ನೆಗಡಿ, ಅಲರ್ಜಿ ಮಾತ್ರೆ ನುಂಗಿದ ದಿನ ಸ್ಟೇರಿಂಗ್ ಬೇಡ. ಯಾರಾದರೂ ರಾತ್ರಿಯೆಲ್ಲ ಗೊರಕೆ ಹೊಡೆದು, ಎಂಟು ಗಂಟೆ ಮಲಗಿಯೂ ಹಗಲಲ್ಲಿ ತೂಕಡಿಸುತ್ತಿದ್ದರೆ ಡಾಕ್ಟರ ಹತ್ತಿರ ಕಳಿಸಿ.

ಇನ್ನು ಆ ರಾತ್ರಿ ತೂಕಡಿಸಿದವರ ವಿಷಯ. ವಿವರಣೆ ಬರೆಸಿಕೊಳ್ಳಬೇಡಿ. ಅವರ ಕಳೆದ ಎರಡು ತಿಂಗಳ ಟ್ರಿಪ್ ಪುಸ್ತಕ ತೆಗೆದು ಜೊತೆಯಲ್ಲಿ ಕುಳಿತುಕೊಳ್ಳಿ. ಯಾವ ಯಾವ ದಿನ ಕಣ್ಣು ಎಳೆಯುತ್ತಿತ್ತು ಅಂತ ಕೇಳಿ. ಕೆಲಸಕ್ಕೆ ತೊಂದರೆ ಇಲ್ಲ ಅಂತ ಧೈರ್ಯ ಕೊಟ್ಟರೆ ಖಂಡಿತ ಹೇಳುತ್ತಾರೆ. ಒಂದೊಂದು ದಿನಕ್ಕೂ ಗುರುತು ಹಾಕಿ. ಆ ಪುಸ್ತಕ ಹಿಡಿದುಕೊಂಡೇ ಮೇಲಿನವರ ಹತ್ತಿರ ಹೋಗಿ, ರೂಮಿನ ದುಡ್ಡು ಕೇಳಿ.