ಬೇಸಿನ್‌ನಲ್ಲಿ ನೀರು ನಿಂತಿದೆಯಾ? ಪುಡಿ ಸುರಿಯುವ ಮೊದಲು ಕೆಳಗೆ ಬಗ್ಗಿ ನೋಡಿ

ಪ್ರಶ್ನೆ: ಬಾತ್‌ರೂಮಿನ ವಾಶ್ ಬೇಸಿನ್‌ನಲ್ಲಿ ನೀರು ತುಂಬಾ ನಿಧಾನವಾಗಿ ಇಳಿಯುತ್ತಿದೆ. ಹಲ್ಲುಜ್ಜಿ ಮುಗಿಸುವಷ್ಟರಲ್ಲಿ ಅರ್ಧ ಬೇಸಿನ್ ತುಂಬಿರುತ್ತದೆ. ವಿಡಿಯೊ ನೋಡಿ ಅಡುಗೆ ಸೋಡಾ, ವಿನೆಗರ್ ಹಾಕಿದೆವು. ನೊರೆ ಭರ್ಜರಿಯಾಗಿ ಬಂತು, ನೀರು ಮಾತ್ರ ಹಾಗೇ ಇದೆ. ಪ್ಲಂಬರ್ ಕರೆಸಲೇಬೇಕಾ?

ಈಗಲೇ ಬೇಡ. ನಿಮ್ಮ ಕೈಯಲ್ಲೇ ಆಗುವ ಕೆಲಸ ಇದು.

ಮೊದಲು ಆ ನೊರೆಯ ವಿಷಯ ಮುಗಿಸೋಣ. ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡೂ ಸೇರಿದರೆ ಒಂದರ ಶಕ್ತಿಯನ್ನು ಇನ್ನೊಂದು ತೆಗೆದುಬಿಡುತ್ತದೆ. ಉಳಿಯುವುದು ಒಂದಷ್ಟು ಗ್ಯಾಸ್, ಒಂದಷ್ಟು ಸಪ್ಪೆ ನೀರು. ಗ್ಯಾಸ್ ಮೇಲಿನಿಂದಲೇ ಹೊರಗೆ ಹೋಗುವುದರಿಂದ ಕಸವನ್ನು ತಳ್ಳುವಷ್ಟು ಒತ್ತಡವೂ ಹುಟ್ಟುವುದಿಲ್ಲ. ಕೂದಲಂತೂ ಅದಕ್ಕೆ ಕರಗುವುದೇ ಇಲ್ಲ. ನೋಡೋಕೆ ಚೆಂದ, ಅಷ್ಟೇ.

ಬಾತ್‌ರೂಮ್ ಬೇಸಿನ್ ಕಟ್ಟಿಕೊಳ್ಳುವುದಕ್ಕೆ ಹೆಚ್ಚಾಗಿ ಕಾರಣ ಕೂದಲು ಮತ್ತು ಸೋಪು. ಒಂದು ಎಳೆ ಕೂದಲು ಎಲ್ಲೋ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಇನ್ನೊಂದು ಸುತ್ತಿಕೊಳ್ಳುತ್ತದೆ. ಗಡಸು ನೀರಿದ್ದರೆ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ನೀರಲ್ಲಿ ಕರಗದ ಜಿಡ್ಡಾಗುತ್ತದೆ. ಆ ಜಿಡ್ಡು ಕೂದಲಿಗೆ ಅಂಟುತ್ತದೆ. ಟೂತ್‌ಪೇಸ್ಟ್‌ನಲ್ಲಿರುವ ನುಣ್ಣನೆ ಪುಡಿ, ಶೇವ್ ಮಾಡಿದ ಗಡ್ಡದ ಚೂರು ಎಲ್ಲ ಅದರ ಮೇಲೆ ಬಂದು ಕೂರುತ್ತವೆ. ಇದೆಲ್ಲ ಎಲ್ಲೋ ದೂರದ ಪೈಪಿನಲ್ಲಿ ಆಗುತ್ತದೆ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಬೇಸಿನ್ ಬಾಯಿಯಲ್ಲೋ, ಅದರ ಕೆಳಗಿನ ಟ್ರ್ಯಾಪ್‌ನಲ್ಲೋ (ಸ್ವಲ್ಪ ನೀರು ನಿಲ್ಲುವ ಬಾಗಿದ ಪೈಪು ಅಥವಾ ಡಬ್ಬಿ) ಸಿಗುತ್ತದೆ. ಅಂದರೆ ಕೈಗೆಟುಕುವ ಜಾಗದಲ್ಲೇ.

ಬಾಯಿಯಿಂದ ಶುರುಮಾಡಿ. ಮುಚ್ಚಳ ಇದ್ದರೆ ತೆಗೆಯಿರಿ. ಕೆಲವು ಸುಮ್ನೆ ಎತ್ತಿದರೆ ಬರುತ್ತವೆ. ಒತ್ತಿದರೆ ಮುಚ್ಚಿ ಇನ್ನೊಮ್ಮೆ ಒತ್ತಿದರೆ ತೆರೆಯುವಂಥವನ್ನು ಎಡಕ್ಕೆ ತಿರುಗಿಸಿದರೆ ಸಾಮಾನ್ಯವಾಗಿ ಬಿಚ್ಚಿಕೊಳ್ಳುತ್ತವೆ. ನಲ್ಲಿಯ ಹಿಂದಿನ ಕಡ್ಡಿ ಎತ್ತಿ ಮುಚ್ಚುವ ಥರದ್ದಾದರೆ, ಬೇಸಿನ್ ಕೆಳಗೆ ಪೈಪಿನ ಹಿಂಬದಿಯಲ್ಲಿ ಒಂದು ಅಡ್ಡ ಕಡ್ಡಿ ಇರುತ್ತದೆ. ಅದರ ನಟ್ ಸಡಿಲಿಸಿ ಕಡ್ಡಿ ಎಳೆದರೆ ಮುಚ್ಚಳ ಬಿಡುಗಡೆಯಾಗುತ್ತದೆ. ಈಗ ಟಾರ್ಚ್ ಬಿಟ್ಟು ನೋಡಿ. ಬಾಯಿಯ ಅಡ್ಡಪಟ್ಟಿಗೆ ಕೂದಲು ಸುತ್ತಿಕೊಂಡಿರುವುದು ಕಾಣುತ್ತದೆ. ಅಂಚಿನುದ್ದಕ್ಕೂ ಮುಳ್ಳುಗಳಿರುವ ಉದ್ದನೆಯ ಪ್ಲಾಸ್ಟಿಕ್ ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಇಳಿಬಿಟ್ಟು, ತಿರುಚಿ, ನಿಧಾನಕ್ಕೆ ಮೇಲಕ್ಕೆಳೆಯಿರಿ. ಇಲಿ ಬಾಲದ ಹಾಗೆ ಕಪ್ಪಗೆ, ಲೋಳೆಲೋಳೆಯಾಗಿ, ಕೆಟ್ಟ ವಾಸನೆಯ ಗಂಟೊಂದು ಬರುತ್ತದೆ. ಹೇಸಿಗೆ ಅನಿಸುತ್ತದೆ, ಗ್ಲೌಸ್ ಹಾಕಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಮುಗಿಯಲಿಲ್ಲವಾ? ಪ್ಲಂಜರ್, ಅಂದರೆ ರಬ್ಬರ್ ಬಟ್ಟಲಿನ ಪಂಪ್ ತನ್ನಿ. ಬೇಸಿನ್ ಒಳಗೋಡೆಯಲ್ಲಿ ಮೇಲ್ಗಡೆ ಒಂದು ತೂತಿದ್ದರೆ ಅದಕ್ಕೆ ಒದ್ದೆ ಬಟ್ಟೆ ತುರುಕಿ ಗಟ್ಟಿಯಾಗಿ ಹಿಡಿಯಿರಿ. ಪಂಪ್ ಕೆಲಸ ಮಾಡ್ತಿಲ್ಲ ಅನ್ನುವವರಲ್ಲಿ ಹೆಚ್ಚಿನವರು ಈ ತೂತು ಮುಚ್ಚಿರುವುದಿಲ್ಲ, ಗಾಳಿಯೆಲ್ಲ ಅಲ್ಲಿಂದ ಹೋಗಿಬಿಡುತ್ತದೆ. ರಬ್ಬರ್ ಮುಳುಗುವಷ್ಟು ನೀರು ಇರಲಿ. ಹತ್ತು ಹದಿನೈದು ಸಲ ಒತ್ತಿ, ಎಳೆಯಿರಿ. ಒತ್ತುವಷ್ಟೇ ಜೋರಾಗಿ ಎಳೆಯುವುದೂ ಮುಖ್ಯ.

ಅದಕ್ಕೂ ಜಗ್ಗದಿದ್ದರೆ ಟ್ರ್ಯಾಪ್ ಬಿಚ್ಚಿ. ಬಗ್ಗಿ ನೋಡಿದರೆ ಬಾಗಿದ ಪೈಪು ಕಾಣುತ್ತದೆ, ಇಲ್ಲವೇ ಬಾಟಲಿಯಾಕಾರದ ಡಬ್ಬಿ. ಬಾಟಲ್ ಟ್ರ್ಯಾಪ್ ಆದರೆ ಇನ್ನೂ ಸುಲಭ, ಕೆಳಗಿನ ಬಟ್ಟಲು ತಿರುಗಿಸಿದರೆ ಕಳಚುತ್ತದೆ. ಕೆಳಗೆ ಬಕೆಟ್ ಇಟ್ಟುಕೊಳ್ಳಿ. ವಾಷರ್ ಯಾವುದು ಎಲ್ಲಿತ್ತು, ಯಾವ ಮುಖ ಮೇಲಿತ್ತು ಎಂದು ಬಿಚ್ಚುವಾಗಲೇ ಫೋಟೊ ತೆಗೆದುಕೊಳ್ಳಿ. ಟ್ರ್ಯಾಪ್ ಒಳಗೆ ಹಳೇ ಬ್ರಶ್‌ನಿಂದ ಉಜ್ಜಿ. ಆ ಕೊಳಕು ನೀರನ್ನು ಮಾತ್ರ ಅಭ್ಯಾಸಬಲದಿಂದ ಅದೇ ಬೇಸಿನ್‌ಗೆ ಸುರಿಯಬೇಡಿ. ಕೆಳಗೆ ಪೈಪೇ ಇಲ್ಲ, ನಿಮ್ಮ ಕಾಲ ಮೇಲೆ ಬೀಳುತ್ತದೆ! ನಗಬೇಡಿ, ಇದು ಆಗಾಗ ಆಗುವಂಥದ್ದೇ.

ಮತ್ತೆ ಜೋಡಿಸುವಾಗ ಪ್ಲಾಸ್ಟಿಕ್ ನಟ್‌ಗಳನ್ನು ಕೈಯಲ್ಲೇ ಬಿಗಿ ಮಾಡಿ. ಸ್ಪ್ಯಾನರ್ ಹಾಕಿ ತಿರುವಿದರೆ ಸೀಳುತ್ತವೆ. ಆಮೇಲೆ ಬೇಸಿನ್ ತುಂಬಿಸಿ ಒಂದೇ ಸಲ ಬಿಡಿ, ಪ್ರತಿ ಜಾಯಿಂಟ್ ಮೇಲೂ ಒಣ ಟಿಶ್ಯೂ ಆಡಿಸಿ. ಎಲ್ಲಾದರೂ ಒದ್ದೆಯಾದರೆ ಅಲ್ಲಿನ ವಾಷರ್ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಟ್ರ್ಯಾಪ್ ಖಾಲಿಯೇ ಇತ್ತು ಅನ್ನಿ, ಆಗ ಕಸ ಗೋಡೆಯೊಳಗಿನ ಪೈಪಿನಲ್ಲಿದೆ. ಸ್ಪ್ರಿಂಗ್ ತಂತಿಯನ್ನು ತಿರುಗಿಸುತ್ತಾ ಒಳಗೆ ಬಿಡಬಹುದು. ಒಂದೆರಡು ಪ್ರಯತ್ನಕ್ಕೆ ಆಗದಿದ್ದರೆ ಧಾರಾಳವಾಗಿ ಪ್ಲಂಬರ್‌ಗೆ ಫೋನ್ ಮಾಡಿ.

ಪ್ರಶ್ನೆ: ನಿನ್ನೆ ಕಾಸ್ಟಿಕ್ ಇರುವ ಡ್ರೈನ್ ಕ್ಲೀನರ್ ಪುಡಿ ಹಾಕಿದ್ದೆ. ನೀರು ಇಳಿಯಲೇ ಇಲ್ಲ. ಈಗ ಆಸಿಡ್ ಹಾಕಿದರೆ ಆಗುತ್ತಾ?

ದಯವಿಟ್ಟು ಹಾಕಬೇಡಿ. ಕಾಸ್ಟಿಕ್ ಸೋಡಾ, ಅಂದರೆ ಚರ್ಮ ಸುಡುವಂಥ ತೀಕ್ಷ್ಣ ಕ್ಷಾರ, ನೀರಿಗೆ ಬಿದ್ದರೇ ಬಿಸಿಯಾಗುತ್ತದೆ. ಅದರ ಮೇಲೆ ಆಸಿಡ್ ಬಿದ್ದರೆ ಕುದಿದು ಮುಖಕ್ಕೇ ಸಿಡಿಯಬಹುದು. ಬ್ಲೀಚ್ ಕೂಡ ಬೇಡ. ಬ್ಲೀಚ್‌ಗೆ ಆಸಿಡ್ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ.

ಈಗ ಪಂಪ್ ಒತ್ತುವುದು, ಟ್ರ್ಯಾಪ್ ಬಿಚ್ಚುವುದು ಎರಡೂ ಬೇಡ. ಬೇಸಿನ್‌ನಲ್ಲಿ ನಿಂತಿರುವುದು ನೀರಲ್ಲ, ಕಾಸ್ಟಿಕ್ ದ್ರಾವಣ. ಕಿಟಕಿ ತೆರೆದಿಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಸ್ವಲ್ಪ ಸ್ವಲ್ಪವಾದರೂ ಇಳಿಯುತ್ತಿದ್ದರೆ, ಪೊಟ್ಟಣದ ಮೇಲೆ ಹೇಳಿದಂತೆ ತಣ್ಣೀರು ಬಿಟ್ಟು ತೊಳೆಯಿರಿ. ಒಂದು ಹನಿಯೂ ಇಳಿಯುತ್ತಿಲ್ಲ ಅಂದರೆ ಪ್ಲಂಬರ್ ಕರೆಸಿ. ಆತ ಕೈ ಹಾಕುವ ಮೊದಲೇ ಏನು ಹಾಕಿದ್ದೀರಿ ಎಂದು ಹೇಳಿ, ಪೊಟ್ಟಣ ತೋರಿಸಿ. ಇದನ್ನು ಮುಚ್ಚಿಟ್ಟರೆ ಕೈ ಸುಟ್ಟುಕೊಳ್ಳುವವರು ಅವರು. ಯಾರ ಕಣ್ಣಿಗಾದರೂ ಹಾರಿದರೆ ಕನಿಷ್ಠ 15 ನಿಮಿಷ ಹರಿಯುವ ನೀರಲ್ಲಿ ಕಣ್ಣು ತೊಳೆದು, ತಕ್ಷಣ ಆಸ್ಪತ್ರೆಗೆ ಹೋಗಿ.

ಈ ಪುಡಿಗಳು ಕೂದಲು ಕರಗಿಸುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ, ಕರಗಿಸುತ್ತವೆ. ಆದರೆ ಪೂರ್ತಿ ಕಟ್ಟಿರುವ ಪೈಪಿನಲ್ಲಿ ಕೆಲವೊಮ್ಮೆ ಆ ಪುಡಿಯೇ ಗಟ್ಟಿ ಗಡ್ಡೆಯಾಗಿ ಕೂತುಬಿಡುತ್ತದೆ. ಅದಕ್ಕೇ ನನಗೆ ಅವು ಮೊದಲ ಉಪಾಯವಂತೂ ಅಲ್ಲ.

ಪ್ರಶ್ನೆ: ಮತ್ತೆ ಕಟ್ಟಬಾರದು ಅಂತ ವಾರಕ್ಕೊಮ್ಮೆ ಕುದಿಯುವ ನೀರು ಸುರಿಯುತ್ತೇನೆ. ಒಳ್ಳೆಯದೇ ಅಲ್ವಾ?

ಉದ್ದೇಶ ಒಳ್ಳೆಯದೇ, ನೀರು ಬಿಸಿ ಜಾಸ್ತಿಯಾಯಿತು. ಸಾಮಾನ್ಯ ಪಿವಿಸಿ ಪೈಪು ತಾಳುವುದು ಸುಮಾರು 60 ಡಿಗ್ರಿ. ಕುದಿಯುವ ನೀರು ಹತ್ತಿರಹತ್ತಿರ 100. ಪೈಪು ಮೆತ್ತಗಾಗಿ ಜಾಯಿಂಟ್ ಸಡಿಲವಾಗಬಹುದು. ಪಿಂಗಾಣಿ ಬೇಸಿನ್ ತಣ್ಣಗಿರುವಾಗ ಒಮ್ಮೆಲೇ ಸುರಿದರೆ ಬಿರುಕು ಬಿಡುವುದೂ ಉಂಟು. ಸ್ನಾನಕ್ಕೆ ಬಳಸುವಷ್ಟು ಬಿಸಿ ಇದ್ದರೆ ಸಾಕು.

ಅದಕ್ಕಿಂತ ಉಪಯೋಗವಾಗುವುದು ಬಾಯಿಗೆ ಒಂದು ಸಣ್ಣ ಜಾಲರಿ. ತಲೆ ಬಾಚಿದ ಕೂದಲು, ಶೇವಿಂಗ್ ಚೂರುಗಳನ್ನು ಟಿಶ್ಯೂನಲ್ಲಿ ಒರೆಸಿ ಕಸದ ಬುಟ್ಟಿಗೆ ಹಾಕಿ. ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಉಜ್ಜಿ. ಇನ್ನೊಂದು, ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡೇ ಎಲ್ಲ ಕೆಲಸ ಮುಗಿಸುವ ಮನೆಗಳಲ್ಲಿ ಪೈಪಿಗೆ ಜೋರು ನೀರು ಸಿಗುವುದೇ ಇಲ್ಲ, ಕಸ ಅಲ್ಲಲ್ಲೇ ಕೂರುತ್ತದೆ. ಆಗಾಗ ಬೇಸಿನ್ ತುಂಬಿಸಿ ಒಮ್ಮೆಲೇ ಬಿಡಿ.

ಪ್ರಶ್ನೆ: ನೀರು ಸರಾಗವಾಗಿ ಹೋಗುತ್ತಿದೆ. ಆದರೂ ಬೇಸಿನ್‌ನಿಂದ ಚರಂಡಿ ವಾಸನೆ ಬರುತ್ತಿದೆ.

ಆ ಬಾತ್‌ರೂಮನ್ನು ದಿನಾ ಬಳಸುತ್ತೀರಾ? ಟ್ರ್ಯಾಪ್‌ನಲ್ಲಿ ಸದಾ ಒಂದಷ್ಟು ನೀರು ನಿಂತಿರಬೇಕು. ಚರಂಡಿ ಗಾಳಿ ಮೇಲೆ ಬರದಂತೆ ತಡೆಯುವುದೇ ಆ ನೀರು. ಬಹಳ ದಿನ ಬಳಸದಿದ್ದರೆ ಅದು ಆರಿಹೋಗುತ್ತದೆ. ಎರಡು ಮಗ್ ನೀರು ಹಾಕಿದರೆ ವಾಸನೆ ನಿಲ್ಲಬೇಕು.

ದಿನಾ ಬಳಸುವುದಾದರೆ ಪೈಪನ್ನೇ ನೋಡಿ. ಸುರುಳಿಸುರುಳಿ ಗೆರೆಯ ಮೆತ್ತನೆ ಪ್ಲಾಸ್ಟಿಕ್ ಪೈಪನ್ನು ಬಾಗಿಸದೆ ನೇರವಾಗಿ ಗೋಡೆಗೆ ತುರುಕಿದ್ದರೆ ನೀರು ನಿಲ್ಲಲು ಜಾಗವೇ ಇಲ್ಲ. ಜೊತೆಗೆ ಆ ಗೆರೆಗಳಲ್ಲಿ ಜಿಡ್ಡು ಬೇಗ ಕೂರುತ್ತದೆ. ಒಂದು ಬಾಟಲ್ ಟ್ರ್ಯಾಪ್ ಹಾಕಿಸಿಬಿಡಿ. ಪೈಪು ಗೋಡೆಯೊಳಗೆ ಹೋಗುವಲ್ಲಿ ಸಂದಿ ಇದೆಯಾ ಎಂದೂ ನೋಡಿ. ಬೇಸಿನ್ ಒಳಗೋಡೆಯ ಮೇಲ್ಗಡೆಯ ತೂತಿನೊಳಗೂ ಲೋಳೆ ಕಟ್ಟುತ್ತದೆ, ಬಾಟಲ್ ತೊಳೆಯುವ ಸಣ್ಣ ಬ್ರಶ್ ಅಲ್ಲಿಗೆ ಸರಿಯಾಗಿ ಹೋಗುತ್ತದೆ.

ಪ್ರಶ್ನೆ: ಬೇಸಿನ್ ನೀರು ಬಿಟ್ಟರೆ ಬಾತ್‌ರೂಮ್ ನೆಲದ ಜಾಲರಿಯಿಂದ ಗುಳುಗುಳು ಸದ್ದು ಬಂದು ನೀರು ಮೇಲೇಳುತ್ತದೆ.

ನಿಮ್ಮ ಬೇಸಿನ್ ಕಟ್ಟಿಲ್ಲ, ಎರಡೂ ಸೇರುವ ಮುಂದಿನ ಪೈಪು ಕಟ್ಟಿದೆ. ಪ್ಲಂಬರ್ ಕೆಲಸ. ಅಲ್ಲಿಯವರೆಗೆ ನೀರು ಕಡಿಮೆ ಬಿಡಿ.

ಪ್ರಶ್ನೆ: ಮುಖ ತೊಳೆಯುವಾಗ ಉಂಗುರ ಬೇಸಿನ್ ಒಳಗೆ ಬಿತ್ತು. ಸಿಗುತ್ತಾ?

ನಲ್ಲಿ ಮುಟ್ಟಬೇಡಿ, ಸಿಗುವ ಸಾಧ್ಯತೆ ಚೆನ್ನಾಗಿದೆ. ಭಾರದ ವಸ್ತು ಸಾಮಾನ್ಯವಾಗಿ ಟ್ರ್ಯಾಪ್ ತಳದಲ್ಲೇ ಕೂತಿರುತ್ತದೆ. ಬಕೆಟ್ ಇಟ್ಟು ಟ್ರ್ಯಾಪ್ ಬಿಚ್ಚಿ, ಬಕೆಟ್‌ಗೆ ಬಿದ್ದ ಗಸಿಯನ್ನು ಚೆಲ್ಲುವ ಮೊದಲು ಕೈಯಾಡಿಸಿ ನೋಡಿ. ಹೇಗೂ ಬಿಚ್ಚಿದ್ದೀರಲ್ಲ, ಬ್ರಶ್‌ನಲ್ಲಿ ಒಮ್ಮೆ ಉಜ್ಜಿಯೇ ಹಾಕಿ.