ಅಣ್ಣನ ಕಾಫಿ ಲೆಕ್ಕ ಬ್ರೌಸರ್‌ನಲ್ಲಿ ಏಕೆ ತೆರೆಯುತ್ತಿಲ್ಲ?

ಪ್ರಶ್ನೆ: ಸರ್, ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. 1999ರಲ್ಲಿ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಮ್ಮಣ್ಣ ಅಪ್ಪನಿಗೆಂದು ಒಂದು ವೆಬ್ ಪುಟ ಮಾಡಿ ಸಿ.ಡಿ.ಗೆ ಹಾಕಿಕೊಟ್ಟಿದ್ದ. ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಎಷ್ಟು ಮೂಟೆ, ಓಟಿ (ಒಂದು ಮೂಟೆಯಿಂದ ಸಿಗುವ ಬೀಜದ ತೂಕ) ಎಷ್ಟು ಎಂದು ಬರೆದರೆ ಒಟ್ಟು ದುಡ್ಡು ಬರುತ್ತಿತ್ತು, ಪಕ್ಕದಲ್ಲಿ ಒಂದು ಮೂಟೆಯ ಚಿತ್ರ ತುಂಬುತ್ತಾ ಹೋಗುತ್ತಿತ್ತು. ಅಣ್ಣ ಈಗಿಲ್ಲ. ಮೊನ್ನೆ ಸಿ.ಡಿ. ಸಿಕ್ಕಿತು. ಅದರಲ್ಲಿ ‘ಇಂಡೆಕ್ಸ್.ಎಚ್‌ಟಿಎಂ’, ‘ಕಾಫಿಲೆ.ಸಿಎಲ್‌ಎ’ ಎಂಬ ಎರಡೇ ಫೈಲ್ ಇವೆ. ಪುಟ ತೆರೆದರೆ ‘ನಿಮ್ಮ ಬ್ರೌಸರ್‌ಗೆ ಜಾವಾ ಬರುವುದಿಲ್ಲ’ ಎಂಬರ್ಥದ ಇಂಗ್ಲಿಷ್ ಸಾಲು ಬಿಟ್ಟು ಏನೂ ಇಲ್ಲ. ಹೊಸ ಜಾವಾ ಹಾಕಿಸಿದರೂ ಅಷ್ಟೇ. ಅಪ್ಪ ಒಮ್ಮೆ ಅದನ್ನು ನೋಡಬೇಕು ಅನ್ನುತ್ತಾರೆ. ಆಗುತ್ತದೆಯೇ?

ಉತ್ತರ: ಆಗುತ್ತದೆ. ನಿಮ್ಮ ಅಣ್ಣನ ಪ್ರೋಗ್ರಾಮ್ ಕೆಟ್ಟಿಲ್ಲ. ಅದಕ್ಕೂ ಬ್ರೌಸರಿಗೂ ನಡುವೆ ಇದ್ದ ಕೊಂಡಿಯೊಂದನ್ನು ಬ್ರೌಸರ್ ಕಂಪನಿಗಳು ತೆಗೆದುಹಾಕಿವೆ, ಅಷ್ಟೆ.

ಎಲ್ಲಕ್ಕಿಂತ ಮೊದಲು ಸಿ.ಡಿ.ಯ ಎರಡೂ ಫೈಲನ್ನು ಕಂಪ್ಯೂಟರಿಗೂ ಒಂದು ಪೆನ್‌ಡ್ರೈವಿಗೂ ನಕಲು ಮಾಡಿಕೊಳ್ಳಿ. ನಮ್ಮ ಕಡೆಯ ಮಳೆಗಾಲದ ಥಂಡಿಗೆ ಸಿ.ಡಿ.ಗೂ ಬೂಷ್ಟು ಹಿಡಿಯುತ್ತದೆ. ಒರೆಸುವುದಾದರೆ ಮೆತ್ತನೆ ಬಟ್ಟೆಯಲ್ಲಿ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತಲೂ ತಿರುಗಿಸಿ ಒರೆಸಬೇಡಿ.

ಈಗ ‘ಇಂಡೆಕ್ಸ್’ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ‘ಆ್ಯಪ್ಲೆಟ್’ ಎಂಬ ಟ್ಯಾಗ್ ಕಾಣುತ್ತದೆ. ಪುಟದ ಮಧ್ಯೆ ಇಷ್ಟು ಅಗಲ, ಇಷ್ಟು ಎತ್ತರದ ಜಾಗ ಬಿಡು, ಇಂಥ ಹೆಸರಿನ ಜಾವಾ ಪ್ರೋಗ್ರಾಮನ್ನು ತಂದು ಅಲ್ಲಿ ಓಡಿಸು ಎಂದು ಬ್ರೌಸರಿಗೆ ಹೇಳುವ ಟ್ಯಾಗ್ ಅದು. ಸನ್ ಮೈಕ್ರೋಸಿಸ್ಟಮ್ಸ್ 1995ರಲ್ಲಿ ಜಾವಾ ಹೊರತಂದಾಗ ತನ್ನದೇ ಹಾಟ್‌ಜಾವಾ ಬ್ರೌಸರಿನಲ್ಲಿ ಇದನ್ನು ತೋರಿಸಿತು. ನೆಟ್‌ಸ್ಕೇಪ್ 2ರಿಂದ ಇದು ಊರೂರಿಗೆ ಹರಡಿತು. ಅದುವರೆಗೆ ವೆಬ್ ಪುಟವೆಂದರೆ ಓದುವುದು, ಲಿಂಕ್ ಒತ್ತುವುದು, ಫಾರಂ ತುಂಬಿ ಕಳಿಸಿ ಸರ್ವರಿನ ಉತ್ತರಕ್ಕೆ ಕಾಯುವುದು. ಸರ್ವರನ್ನು ಕೇಳದೆ ಪುಟದೊಳಗೇ ಲೆಕ್ಕ ಮಾಡಿ, ಅಲ್ಲೇ ಚಿತ್ರ ಬರೆದು, ಅಲ್ಲೇ ಅಲುಗಾಡುವ ಒಂದು ಚೌಕ ಬಂದಾಗ ನಮಗೆಲ್ಲ ಎಂಥ ಸಂಭ್ರಮ! ಆಗ ನಾನು ಹಾಸನದಲ್ಲೇ ಕಂಪ್ಯೂಟರ್ ತರಗತಿಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಬ್ರೌಸರಿನ ಅಡಿಯಲ್ಲಿ ‘ಸ್ಟಾರ್ಟಿಂಗ್ ಜಾವಾ’ ಎಂದು ಬಂದರೆ ಹುಡುಗರೆಲ್ಲ ಎದ್ದು ಬಂದು ಒಂದೇ ಪರದೆಯ ಮುಂದೆ ಕೂರುತ್ತಿದ್ದರು.

ನೀವು ನೋಡುತ್ತಿರುವ ಇಂಗ್ಲಿಷ್ ಸಾಲು ಕೂಡ ನಿಮ್ಮಣ್ಣ ಬರೆದದ್ದೇ. ಟ್ಯಾಗ್ ತೆರೆಯುವ ಮತ್ತು ಮುಚ್ಚುವ ಜಾಗಗಳ ನಡುವೆ ಏನಾದರೂ ಬರೆದಿಟ್ಟರೆ, ಜಾವಾ ಇಲ್ಲದ ಬ್ರೌಸರ್ ಅದನ್ನು ತೋರಿಸುತ್ತದೆ. ಇಂದಿನ ಕ್ರೋಮ್‌ಗೆ ‘ಆ್ಯಪ್ಲೆಟ್’ ಎಂದರೆ ಏನೆಂದೇ ತಿಳಿಯದು, ಹಾಗಾಗಿ ಟ್ಯಾಗನ್ನು ಬಿಟ್ಟು ಒಳಗಿನ ಸಾಲನ್ನಷ್ಟೇ ಓದುತ್ತದೆ. ಜಾವಾ ಇಲ್ಲದವರನ್ನೂ ನೆನೆದು ಸಾಲೊಂದನ್ನು ಇಟ್ಟ ಹುಡುಗ ಅಚ್ಚುಕಟ್ಟಿನವನೇ ಇರಬೇಕು.

ಜಾವಾ ಹಾಕಿಸಿದರೂ ಏಕೆ ಓಡಲಿಲ್ಲ? ಜಾವಾ ಬ್ರೌಸರಿನೊಳಗೆ ಬರುತ್ತಿದ್ದದ್ದು ಪ್ಲಗಿನ್ ಮೂಲಕ, ಅಂದರೆ ಬ್ರೌಸರಿಗೆ ಹೊರಗಿನಿಂದ ಜೋಡಿಸುವ ಪುಟ್ಟ ಸಾಫ್ಟ್‌ವೇರ್ ಮೂಲಕ. ಅದರಲ್ಲಿ ಒಂದರ ಮೇಲೊಂದು ಭದ್ರತಾ ದೋಷ ಸಿಕ್ಕಿ, ಕಂಪ್ಯೂಟರಿಗೆ ಕಳ್ಳರು ನುಗ್ಗುವ ದಾರಿಯಾಯಿತು. 2015ರಲ್ಲಿ ಕ್ರೋಮ್, 2017ರಲ್ಲಿ ಫೈರ್‌ಫಾಕ್ಸ್ ಇಂಥ ಪ್ಲಗಿನ್‌ಗಳನ್ನು ಕೈಬಿಟ್ಟವು. 2018ರ ಜಾವಾ 11ರಲ್ಲಿ ಪ್ಲಗಿನ್ನೇ ಇಲ್ಲ. ಅಂದಮೇಲೆ ಜಾವಾ ಹೊಸದಾದಷ್ಟೂ ನಿಮ್ಮ ಕೆಲಸಕ್ಕೆ ದೂರ. ಹಳೇ ಬ್ರೌಸರ್ ಹುಡುಕಿ ಹಾಕಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರಿನಲ್ಲಂತೂ ಬೇಡವೇ ಬೇಡ.

ನಿಮಗೆ ಬೇಕಾದದ್ದು ಜಾವಾ 8ರ ಜೆಡಿಕೆ. ಸಾಮಾನ್ಯ ಬಳಕೆದಾರರಿಗೆಂದು ಕೊಡುವ ಜೆಆರ್‌ಇ ಅಲ್ಲ; ಪ್ರೋಗ್ರಾಮ್ ಬರೆಯುವವರಿಗೆ ಕೊಡುವ ಜೆಡಿಕೆಯೇ ಆಗಬೇಕು. ಅದರೊಳಗೆ ‘ಆ್ಯಪ್ಲೆಟ್‌ವ್ಯೂವರ್’ ಎಂಬ ಪುಟ್ಟ ಉಪಕರಣವಿದೆ. ಪುಟದಲ್ಲಿ ಉಳಿದದ್ದೆಲ್ಲ ಬಿಟ್ಟು ಆ್ಯಪ್ಲೆಟ್ ಟ್ಯಾಗನ್ನು ಮಾತ್ರ ಓದಿ, ಪ್ರೋಗ್ರಾಮನ್ನು ತನ್ನದೇ ಕಿಟಕಿಯಲ್ಲಿ ಓಡಿಸುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಫೈಲುಗಳಿರುವ ಫೋಲ್ಡರಿಗೆ ಹೋಗಿ ಈ ಉಪಕರಣದ ಹೆಸರು, ಮುಂದೆ ನಿಮ್ಮ ‘ಇಂಡೆಕ್ಸ್’ ಫೈಲಿನ ಹೆಸರು ಬರೆದು ಎಂಟರ್ ಒತ್ತಿದರಾಯಿತು.

ಆದರೆ ಹಾಗೇ ಒತ್ತಿದರೆ ಓಡದು, ಏಕೆಂದರೆ ನಿಮ್ಮ ಫೈಲಿನ ಹೆಸರು ತುಂಡಾಗಿದೆ. ಆಗಿನ ಕಾಲದಲ್ಲಿ ಸಿ.ಡಿ. ಬರೆಯುವಾಗ ಎಲ್ಲ ಕಂಪ್ಯೂಟರಿನಲ್ಲೂ ತೆರೆಯಲಿ ಎಂದು ಹೆಸರಿಗೆ ಎಂಟು ಅಕ್ಷರ, ಚುಕ್ಕೆಯ ನಂತರ ಮೂರು ಅಕ್ಷರ ಎಂಬ ಕಟ್ಟು ಹಾಕುವುದಿತ್ತು. ‘ಕಾಫಿಲೆ’ಯನ್ನು ಇಂಗ್ಲಿಷಿನಲ್ಲಿ ಬರೆದರೆ ಸರಿಯಾಗಿ ಎಂಟು ಅಕ್ಷರ. ಮೂಲ ಹೆಸರು ‘ಕಾಫಿಲೆಕ್ಕ’ ಇದ್ದಿರಬೇಕು, ‘ಸಿಎಲ್‌ಎ’ ಇದ್ದದ್ದು ‘ಕ್ಲಾಸ್’, ಅಂದರೆ ಓಡಲು ಸಿದ್ಧವಾದ ಜಾವಾ ಪ್ರೋಗ್ರಾಮಿನ ಫೈಲ್. ಊಹೆ ಬೇಡ, ಟ್ಯಾಗಿನಲ್ಲಿ ‘ಕೋಡ್’ ಎಂಬುದರ ಎದುರು ಏನಿದೆ ನೋಡಿ ಫೈಲಿಗೆ ಅದೇ ಹೆಸರಿಡಿ. ದೊಡ್ಡಕ್ಷರ, ಸಣ್ಣಕ್ಷರವೂ ಹಾಗೇ ಇರಬೇಕು. ನಡುವಿನ ಒಂದು ‘ಎಲ್’ ಸಣ್ಣದಾಗಿದ್ದಕ್ಕೆ ನಾನೇ ಒಂದು ಇಡೀ ಸಂಜೆ ಕಳೆದುಕೊಂಡಿದ್ದೇನೆ. ತಪ್ಪಿದರೆ ಬರುವ ದೋಷದ ಸಾಲನ್ನು ಕೊನೆಯವರೆಗೆ ಓದಿ: ‘ರಾಂಗ್ ನೇಮ್’ ಎಂದು ಬರೆದು, ಅದರ ಮುಂದೆ ನಿಜವಾದ ಹೆಸರನ್ನು ಜಾವಾನೇ ಹೇಳುತ್ತದೆ. ಕ್ಲಾಸ್ ಫೈಲ್ ಒಂದೇ ಇರುವುದು ನಿಮ್ಮ ಪುಣ್ಯ. ನಾಲ್ಕೈದಿದ್ದರೆ ಯಾವ ತುಂಡು ಯಾವುದರದ್ದೆಂದು ಹೊಂದಿಸುವುದೇ ಒಂದು ಕೆಲಸವಾಗುತ್ತಿತ್ತು.

ಫೈಲ್ ಸರಿಯಾಗಿ ಉಳಿದಿದೆಯೇ ಎಂಬ ಅನುಮಾನ ಬಂದರೆ ಹೆಕ್ಸ್ ಎಡಿಟರಿನಲ್ಲಿ (ಫೈಲಿನ ಬೈಟ್‌ಗಳನ್ನು ಹಾಗೇ ತೋರಿಸುವ ಸಾಫ್ಟ್‌ವೇರ್) ತೆರೆದು ಮೊದಲ ನಾಲ್ಕು ಬೈಟ್ ನೋಡಿ. ‘ಸಿಎ, ಎಫ್‌ಇ, ಬಿಎ, ಬಿಇ’ ಇರಬೇಕು. ಒಟ್ಟಿಗೆ ಓದಿದರೆ ‘ಕೆಫೆ ಬೇಬ್’. ಜಾವಾದ ಪ್ರತಿ ಕ್ಲಾಸ್ ಫೈಲೂ ಈ ಗುರುತಿನಿಂದಲೇ ಶುರುವಾಗುತ್ತದೆ. ಕಾಫಿಯ ಹೆಸರು ಹೊತ್ತ ಭಾಷೆಯಲ್ಲಿ ಕಾಫಿಯದೇ ಲೆಕ್ಕ ಬರೆದು, ಅದರ ತಲೆಯ ಮೇಲೂ ‘ಕೆಫೆ’ ಇದೆಯೆಂದರೆ ನಿಮ್ಮ ತಂದೆಯವರಿಗೂ ಇದನ್ನು ತೋರಿಸಲೇಬೇಕು.

ಇನ್ನೊಂದು ವಿಷಯ. ಟ್ಯಾಗಿನ ಒಳಗೆ ‘ಪ್ಯಾರಮ್’ ಎಂಬ ಸಾಲೇನಾದರೂ ಇದೆಯೇ ನೋಡಿ. ಪ್ರೋಗ್ರಾಮನ್ನು ಮುಟ್ಟದೆ, ಪುಟದಿಂದಲೇ ಅದಕ್ಕೆ ಬೆಲೆಗಳನ್ನು ಕೊಡುವ ದಾರಿ ಅದು. ನೀವು ಮೂಟೆ ಮತ್ತು ಓಟಿ ಮಾತ್ರ ತುಂಬುತ್ತಿದ್ದೆವು ಎಂದಿದ್ದೀರಿ, ದರ ತುಂಬುವ ಮಾತಿಲ್ಲ. ಹಾಗಾದರೆ ದರ ಅಲ್ಲಿರುವ ಸಂಭವವೇ ಹೆಚ್ಚು. 50 ಕೆಜಿ ಚೆರ್ರಿ ಮೂಟೆಯಿಂದ 26 ಕೆಜಿ ಬೀಜ ಬಂದರೆ ಓಟಿ 26. ಕೆಜಿಗೆ 60 ರೂಪಾಯಿಯಾದರೆ ಮೂಟೆಗೆ 1,560, ನಲವತ್ತು ಮೂಟೆಗೆ 62,400. ಆ ದರವನ್ನು ನೋಟ್‌ಪ್ಯಾಡ್‌ನಲ್ಲಿ ಅಳಿಸಿ ಇವತ್ತಿನದನ್ನು ಬರೆದು ಉಳಿಸಿ. ಮತ್ತೆ ತೆರೆದರೆ ನಿಮ್ಮಣ್ಣನ ಪ್ರೋಗ್ರಾಮ್ ಈ ಸಲದ ಫಸಲಿನ ಲೆಕ್ಕ ಹೇಳುತ್ತದೆ. ಹಳೇ ಪುಟದ ಒಂದು ಪ್ರತಿಯನ್ನು ಮಾತ್ರ ಹಾಗೇ ಇಟ್ಟುಕೊಳ್ಳಿ, ಆ ವರ್ಷದ ದರವೂ ಮನೆಯ ದಾಖಲೆಯೇ.

ಮೊಬೈಲಿನಲ್ಲೂ ಬೇಕೆಂದರೆ ಜಾವಾಸ್ಕ್ರಿಪ್ಟ್‌ನಲ್ಲಿ ಹೊಸದಾಗಿ ಬರೆಸಿ. ಹೆಸರು ಹೋಲುತ್ತದೆ, ಭಾಷೆ ಬೇರೆ, ಎಲ್ಲ ಬ್ರೌಸರಿನಲ್ಲೂ ಓಡುತ್ತದೆ. ಮೂಟೆಯ ಚಿತ್ರಕ್ಕೆ ‘ಕ್ಯಾನ್ವಾಸ್’ ಟ್ಯಾಗ್ ಸಾಕು. ಬರೆಯುವವರ ಕೈಗೆ ಕ್ಲಾಸ್ ಫೈಲನ್ನೂ ಕೊಡಿ. ಸಿಎಫ್‌ಆರ್‌ನಂಥ ಡಿಕಂಪೈಲರ್ ಅದರಿಂದ ಜಾವಾ ಸಾಲುಗಳನ್ನು ಮರಳಿ ತೆಗೆಯುತ್ತದೆ. ನಿಮ್ಮಣ್ಣ ಬರೆದ ಕಾಮೆಂಟುಗಳು (ಸಾಲುಗಳ ನಡುವಿನ ಟಿಪ್ಪಣಿಗಳು) ಸಿಗುವುದಿಲ್ಲ, ಆದರೆ ಮೆಥಡ್‌ಗಳಿಗೆ, ಅಂದರೆ ಪ್ರೋಗ್ರಾಮಿನ ಒಂದೊಂದು ಕೆಲಸದ ತುಣುಕಿಗೆ, ಇಟ್ಟ ಹೆಸರುಗಳು ಹಾಗೇ ಇರುತ್ತವೆ. ಒಂದು ಎಚ್ಚರಿಕೆ: ಜಾವಾಸ್ಕ್ರಿಪ್ಟ್‌ನಲ್ಲಿ ಚೌಕದೊಳಗೆ ಬರೆದ ಅಂಕಿ ಮೊದಲಿಗೆ ಬರೀ ಅಕ್ಷರ. 26ಕ್ಕೆ 2 ಕೂಡಿಸಿದರೆ 28ರ ಬದಲು 262 ಬಂದೀತು. ಹಳೆಯದು, ಹೊಸದು ಎರಡರಲ್ಲೂ ಅದೇ ಅಂಕಿಗಳನ್ನು ಕೊಟ್ಟು ತಾಳೆ ನೋಡಿ; ಓಟಿ 26.5 ಎಂಬ ಅರ್ಧದ ಲೆಕ್ಕವನ್ನು ಮರೆಯದೆ ಸೇರಿಸಿ.

ಪ್ರಶ್ನೆ: ಹಾಸನದಲ್ಲಿ ಶಿಕ್ಷಕಿಯಾಗಿದ್ದೇನೆ. 2004ರಲ್ಲಿ ಮಕ್ಕಳಿಗೆಂದು ಮಾಡಿದ ಫ್ಲ್ಯಾಶ್ ಪಾಠಗಳಿವೆ, ‘ಎಂಬೆಡ್’ ಟ್ಯಾಗಿನಲ್ಲಿ ಪುಟಕ್ಕೆ ಸೇರಿಸಿದ್ದೆ. ಅವೂ ಹೀಗೆಯೇ?

ಉತ್ತರ: ನಿಮ್ಮದು ಇನ್ನೂ ಸುಲಭ. ಅಡೋಬಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ನಿಲ್ಲಿಸಿತು. ಆದರೆ ‘ರಫಲ್’ ಎಂಬ ಉಚಿತ ಸಾಫ್ಟ್‌ವೇರ್ ಬ್ರೌಸರಿನೊಳಗೇ ಆ ಫೈಲುಗಳನ್ನು ಓಡಿಸುತ್ತದೆ. ಟ್ಯಾಗನ್ನು ಬದಲಿಸಬೇಕಿಲ್ಲ, ಎಕ್ಸ್‌ಟೆನ್ಷನ್ ಹಾಕಿಕೊಂಡರೆ ಸಾಕು. ಹಳೆಯ ಆ್ಯಕ್ಷನ್‌ಸ್ಕ್ರಿಪ್ಟ್ (ಫ್ಲ್ಯಾಶ್‌ನ ಪ್ರೋಗ್ರಾಮ್ ಭಾಷೆ) ಅದಕ್ಕೆ ಚೆನ್ನಾಗಿ ಬರುತ್ತದೆ. ತೊಡಕಾಗುವ ಮೂರನೇ ಆವೃತ್ತಿ ಬಂದದ್ದೇ 2006ರಲ್ಲಿ, ಹಾಗಾಗಿ ನಿಮ್ಮ ಪಾಠಗಳು ಓಡುವ ಸಾಧ್ಯತೆ ಹೆಚ್ಚು. ಒಂದನ್ನು ಮೊದಲು ಪರೀಕ್ಷಿಸಿ, ಧ್ವನಿಯೂ ಬರುತ್ತದೆಯೇ ಕೇಳಿ ನೋಡಿ.